ಬುಟ್ಟಿಯ ಜೋಕುಮಾರ, ಮಾಸ್ತರರ ಕಾದಂಬರಿ

ಭಾದ್ರಪದದಲ್ಲಿ ಗಣಪತಿ ಹೋದ ಮೇಲೆ ಬೆಳಗಾವಿ ಸೀಮೆಯ ಹಳ್ಳಿಗಳಿಗೆ ಜೋಕುಮಾರ ಬರುತ್ತಾನೆ. ಮಣ್ಣಿನ ಮೂರ್ತಿ, ಬಾಯಿಗೆ ಬೆಣ್ಣೆ, ಸುತ್ತ ಬೇವಿನ ಸೊಪ್ಪು. ಬುಟ್ಟಿ ಹೊತ್ತ ಹೆಣ್ಣುಮಕ್ಕಳು ಮನೆಮನೆಯ ಮುಂದೆ ಹಾಡಿ ಕಾಳುಕಡಿ ಪಡೆಯುತ್ತಾರೆ. ಇದನ್ನು ಸಾಹಿತ್ಯವೆಂದು ಕರೆದವರು ಕಡಿಮೆ.

ಸಂಕೇಶ್ವರವಿರುವ ಹುಕ್ಕೇರಿ ತಾಲ್ಲೂಕಿನದೇ ಊರು ಘೋಡಗೇರಿ. ಅಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಈ ಜೋಕುಮಾರನನ್ನೇ ಬಯಲಾಟದ ಧಾಟಿಯ ನಾಟಕಕ್ಕೆ ತಂದರು. 1972ರಲ್ಲಿ ಬಿ.ವಿ. ಕಾರಂತರ ನಿರ್ದೇಶನದಲ್ಲಿ ‘ಜೋಕುಮಾರಸ್ವಾಮಿ’ ಬೆಂಗಳೂರಿನಲ್ಲಿ ರಂಗವೇರಿತು. ಹಳ್ಳಿಯ ಕುಣಿತ, ಪೋಲಿ ಮಾತು, ಹೊಲ ಉಳುವವನದೋ ಗೌಡನದೋ ಎಂಬ ಜಗಳ ಎಲ್ಲವೂ ಪಂಡಿತರ ಚರ್ಚೆಯ ವಸ್ತುವಾದವು. ಮುಂದೆ 2010ನೇ ಸಾಲಿನ ಜ್ಞಾನಪೀಠವೂ ಕಂಬಾರರಿಗೆ ಬಂತು. ನಡುವೆ ಅವರು ಸಿನಿಮಾಕ್ಕೂ ಇಳಿದಿದ್ದರು! ಅವರೇ ನಿರ್ದೇಶಿಸಿದ ‘ಕಾಡು ಕುದುರೆ’ಯ ಹಾಡು ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದಿತು.

ನೆರೆಯ ಗೋಕಾಕದ ಕಥೆ ಬೇರೆ. ಅಲ್ಲಿ ಹೈಸ್ಕೂಲು ಮಾಸ್ತರರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳನ್ನು ಗೃಹಿಣಿಯರು ಒಲೆಯ ಮುಂದೆ ಕೂತು ಓದಿದರು. ‘ಕುಲವಧು’ 1963ರಲ್ಲಿ, ‘ಸನಾದಿ ಅಪ್ಪಣ್ಣ’ 1977ರಲ್ಲಿ ತೆರೆಗೆ ಬಂದವು. ಎರಡನೆಯದರಲ್ಲಿ ರಾಜಕುಮಾರರ ಅಭಿನಯಕ್ಕೆ ಬಿಸ್ಮಿಲ್ಲಾ ಖಾನರ ಶಹನಾಯಿ. ಆದರೆ ವಿಮರ್ಶಕರು ‘ಜನಪ್ರಿಯ’ ಎಂದು ಚೀಟಿ ಅಂಟಿಸಿ ಸುಮ್ಮನಾದರು. ಜಾನಪದವೆಂದರೆ ಗೌರವ, ಜನಪ್ರಿಯವೆಂದರೆ ಅನುಮಾನ. ಗೋಡೆ ಬಿದ್ದದ್ದು ಅರ್ಧ ಮಾತ್ರ.

ಇದರ ಪೆಟ್ಟು ಬೀಳುವುದು ವಿದ್ಯಾರ್ಥಿಗೆ. ರಾತ್ರಿಯಿಡೀ ಕೂತು ಒಂದು ಬಯಲಾಟ ನೋಡದವನು ‘ಜೋಕುಮಾರಸ್ವಾಮಿ’ ಕುರಿತು ಗೈಡು ನೋಡಿ ಹತ್ತು ಅಂಕದ ಉತ್ತರ ಬರೆಯುತ್ತಾನೆ. ಅವನು ಕಾದಂಬರಿ ಹಿಡಿದರೆ, ‘ಮೊದಲು ಅಭ್ಯಾಸ ಮಾಡು’ ಎಂದು ಮನೆಯಲ್ಲಿ ಗದರುತ್ತಾರೆ. ಪಕ್ಕದ ಕೋಣೆಯಲ್ಲೇ ಪುರಾಣಿಕರನ್ನು ಓದಿ ಕಣ್ಣೀರು ಹಾಕಿದ ಅಜ್ಜಿ ಇದ್ದಾಳು. ಅವಳನ್ನು ಕೇಳಿದವರಿಲ್ಲ.