ಮೂಗಿನ ದಾರಿಯಲ್ಲಿ ಕತ್ತಿನ ಮೂಳೆಗೆ

ಕತ್ತಿನ ಎರಡನೆಯ ಮೂಳೆಯಿಂದ ಹಲ್ಲಿನಾಕಾರದ ಗೂಟವೊಂದು ಮೇಲಕ್ಕೆದ್ದು ನಿಂತಿರುತ್ತದೆ. ಇದೇ ಓಡಾಂಟಾಯ್ಡ್. ಮೊದಲ ಮೂಳೆಯ ಉಂಗುರ ಇದರ ಸುತ್ತ ತಿರುಗುವುದರಿಂದಲೇ ತಲೆ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಗೂಟದ ಹಿಂದೆಯೇ ಬೆನ್ನುಹುರಿ. ಹುಟ್ಟಿನಿಂದಲೇ ಈ ಜೋಡಣೆ ಕೆಟ್ಟಿರುವ ಮಕ್ಕಳಲ್ಲಿ, ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ, ಗೂಟ ಹಿಂದಕ್ಕೋ ಮೇಲಕ್ಕೋ ಸರಿದು ಬೆನ್ನುಹುರಿಯನ್ನು ಒತ್ತಬಹುದು. ಆಗ ಓಡಾಡುತ್ತಿದ್ದ ಮಗು ಎಡವತೊಡಗುತ್ತದೆ, ಅಂಗಿಯ ಗುಂಡಿ ಹಾಕಲು ಒದ್ದಾಡುತ್ತದೆ, ಕುಡಿದ ನೀರು ನೆತ್ತಿಗೇರುತ್ತದೆ.

ಹಿಂದೆ ಈ ಗೂಟವನ್ನು ಬಾಯಿಯ ಮೂಲಕ ತೆಗೆಯುತ್ತಿದ್ದರು. ಎಷ್ಟೋ ಸಲ ಬಾಯಿಯ ಹಿಂಭಾಗದ ಮೆದು ಅಂಗುಳನ್ನೇ ಸೀಳಬೇಕಾಗುತ್ತಿತ್ತು. ಆಮೇಲೆ ದಿನಗಟ್ಟಲೆ ನಳಿಕೆಯಲ್ಲಿ ಆಹಾರ, ಕೆಲವರಿಗೆ ಮೂಗಿನಲ್ಲಿ ಮಾತು. 2005ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಅಮೀನ್ ಕಾಸಮ್ ತಂಡ ಎಂಡೋಸ್ಕೋಪ್ ಎಂಬ ಕ್ಯಾಮೆರಾ ನಳಿಕೆ ಹಿಡಿದು ಮೂಗಿನಿಂದಲೇ ಇದನ್ನು ತೆಗೆದದ್ದನ್ನು ವರದಿ ಮಾಡಿತು. ಆ ರೋಗಿ ವಯಸ್ಕರು; ಮಕ್ಕಳಿಗೆ ಈ ವಿಧಾನ ಆಮೇಲೆ ಬಂತು.

ಎಂಡೋಸ್ಕೋಪ್‌ನ ದಪ್ಪ ಸಾಮಾನ್ಯವಾಗಿ 4 ಮಿಲಿಮೀಟರ್. ಪುಟ್ಟ ಮೂಗಿಗೆ 2.7 ಮಿಲಿಮೀಟರಿನದೂ ಇದೆ. ಒಂದು ಹೊಳ್ಳೆಯಲ್ಲಿ ಕ್ಯಾಮೆರಾ, ಇನ್ನೊಂದರಲ್ಲಿ ಉಪಕರಣ. ಉಪಕರಣದ ತುದಿ ಎಲ್ಲಿದೆಯೆಂದು ಸಿ.ಟಿ. ಚಿತ್ರದ ಮೇಲೆ ಕಾಣುತ್ತಿರುತ್ತದೆ. ಕೈಕಾಲಿನ ನರಸಂಕೇತಗಳನ್ನೂ ಉದ್ದಕ್ಕೂ ಗಮನಿಸುತ್ತಾರೆ. ಮೂಗಿನ ಹಿಂಗೋಡೆಯಲ್ಲಿ ಮಕ್ಕಳಿಗೆ ಅಡಿನಾಯ್ಡ್ ಎಂಬ ಅಂಗಾಂಶ ದಪ್ಪವಾಗಿದ್ದರೆ ಮೊದಲು ಅದನ್ನು ತೆಗೆಯಬೇಕು. ಪೊರೆ, ಸ್ನಾಯು ಬಿಡಿಸಿ, ಮೊದಲ ಮೂಳೆಯ ಮುಂಕಮಾನನ್ನು ಕೊರೆದರೆ ಗೂಟ ಕಾಣುತ್ತದೆ. ವಜ್ರದ ಹರಳಿನ ಡ್ರಿಲ್‌ನಿಂದ, ನೀರು ಹಾಯಿಸುತ್ತಾ, ಅದನ್ನು ಒಳಗಿನಿಂದ ಟೊಳ್ಳು ಮಾಡುತ್ತಾರೆ. ಕೊನೆಗುಳಿದ ಮೊಟ್ಟೆಯ ಚಿಪ್ಪಿನಂಥ ಪದರವನ್ನು ಚೂರುಚೂರಾಗಿ ಬಿಡಿಸುತ್ತಾರೆ. ಗೂಟದ ಹಿಂದೆ ಬೆನ್ನುಹುರಿಯನ್ನು ಹೊದ್ದ ಪೊರೆ ಮಿಡಿಯತೊಡಗಿದರೆ ಒತ್ತಡ ಇಳಿದಿದೆಯೆಂದು ಅರ್ಥ. ಆ ಪೊರೆ ಹರಿದರೆ ಮೆದುಳುದ್ರವ ಸೋರಿ ಸೋಂಕು ತಗಲಬಹುದು. ಇಡೀ ಶಸ್ತ್ರಕ್ರಿಯೆಯಲ್ಲಿ ಅತಿ ಎಚ್ಚರ ಬೇಕಾದ ಗಳಿಗೆ ಇದು.

ಗಾಯ ಕಾಣದು ಎಂದಮಾತ್ರಕ್ಕೆ ಇದು ಸಣ್ಣ ಆಪರೇಷನ್ ಅಲ್ಲ. ಗೂಟ ಹೋದರೆ ಕತ್ತಿನ ಆಧಾರವೂ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಕತ್ತಿನ ಹಿಂಭಾಗ ತೆರೆದು, ಸ್ಕ್ರೂ-ಸರಳು ಹಾಕಿ ಮೂಳೆಗಳನ್ನು ಬೆಸೆಯಬೇಕಾಗುತ್ತದೆ. ಕತ್ತು ಮೊದಲಿನಷ್ಟು ತಿರುಗುವುದಿಲ್ಲ. ಬೆಳೆಯುವ ಮಗುವಿನ ಮಟ್ಟಿಗೆ ಇದು ದೊಡ್ಡ ಬೆಲೆ.

ಆದ್ದರಿಂದ ಮೊದಲು ನೋಡಬೇಕಾದದ್ದು, ಟ್ರಾಕ್ಷನ್ (ಕತ್ತನ್ನು ಮೆಲ್ಲಗೆ ಎಳೆದು ಹಿಡಿಯುವುದು) ಕೊಟ್ಟರೆ ಮೂಳೆ ಜಾಗಕ್ಕೆ ಬರುತ್ತದೆಯೇ ಎಂಬುದನ್ನು. ಬಂದರೆ ಹಿಂದಿನಿಂದ ಬೆಸೆದರೆ ಸಾಕು. ಮುಂಬೈನ ಡಾ. ಅತುಲ್ ಗೋಯಲ್ ಹಿಂದಿನಿಂದಲೇ ಕೀಲು ತೆರೆದು ಮೂಳೆಯನ್ನು ಸರಿಪಡಿಸುವ ವಿಧಾನ ರೂಪಿಸಿದ ಮೇಲೆ, ಗೂಟ ತೆಗೆಯುವ ಅಗತ್ಯ ಇನ್ನಷ್ಟು ಕಡಿಮೆಯಾಗಿದೆ. ಮೂಗಿನ ದಾರಿ ಉಳಿದ ಕೆಲವೇ ಮಕ್ಕಳಿಗೆ. ಅವರಿಗೆ ಮಾತ್ರ ಅದು ನಿಜಕ್ಕೂ ವರ. ಬೇಗ ಉಣ್ಣುತ್ತಾರೆ, ದನಿಯೂ ಕೆಡುವ ಸಂಭವ ಕಡಿಮೆ.

ತಂದೆತಾಯಿಗಳಲ್ಲಿ ಒಂದು ವಿನಂತಿ: ಕತ್ತು ವಾಲಿದ, ನಡಿಗೆ ತಪ್ಪುತ್ತಿರುವ ಮಗುವನ್ನು ಕತ್ತು ನೀವಿಸಲು, ಲಟಿಕೆ ತೆಗೆಸಲು ಎಲ್ಲಿಗೂ ಒಯ್ಯಬೇಡಿ. ಮೊದಲು ನರರೋಗ ತಜ್ಞರಿಗೆ ತೋರಿಸಿ.