ಕೆರಳಿದ ಕೆಂಪು ಪಾಂಡಾ... ಎರಡು ಪಾಲಾದ ಪ್ರೇಕ್ಷಕರು!

‘ಕಾರ್ಟೂನ್ ಚಿತ್ರವಾ? ನಮ್ಮಕ್ಕನ ಮಗನಿಗೆ ಹೇಳಿ ಸ್ವಾಮಿ!’ ಎಂದು ಪುಟ ತಿರುವಲು ಹೊರಟಿರಾ? ಒಂದು ನಿಮಿಷ ನಿಲ್ಲಿ. ನಿಮ್ಮ ಬಸ್ಸು ಬರುವುದಕ್ಕೆ ಇನ್ನೂ ಹೊತ್ತಿದೆ. ಈ ಚಿತ್ರದಲ್ಲಿ ಹೀರೋ ಇಲ್ಲ, ವಿಲನ್ ಇಲ್ಲ, ಕ್ಯಾಬರೆಯಂತೂ ಇಲ್ಲವೇ ಇಲ್ಲ. ಇರುವುದು ಹದಿಮೂರು ವರ್ಷದ ಒಬ್ಬ ಹುಡುಗಿ, ಅವಳ ಅಮ್ಮ, ಮತ್ತೆ ಕೋಣೆ ತುಂಬುವಷ್ಟು ದೊಡ್ಡದೊಂದು ಕೆಂಪು ಪಾಂಡಾ! ಇಷ್ಟಕ್ಕೇ 2022ರಲ್ಲಿ ಪ್ರೇಕ್ಷಕರು ಎರಡು ಪಾಲಾಗಿ ಕಚ್ಚಾಡಿದರು ಅಂದ್ರೆ ನಂಬ್ತೀರಾ?

ಚಿತ್ರದ ಹೆಸರು ‘ಟರ್ನಿಂಗ್ ರೆಡ್’. ತಯಾರಿಸಿದ್ದು ‘ಟಾಯ್ ಸ್ಟೋರಿ’ ಕೊಟ್ಟ ಅದೇ ಪಿಕ್ಸಾರ್ ಸಂಸ್ಥೆ. ನಿರ್ದೇಶಕಿ ಡೋಮಿ ಶೀ. ಚೀನಾದಲ್ಲಿ ಹುಟ್ಟಿ ಕೆನಡಾದ ಟೊರಾಂಟೊದಲ್ಲಿ ಬೆಳೆದಾಕೆ. ‘ಬಾವ್’ ಎಂಬ ಪುಟ್ಟ ಚಿತ್ರಕ್ಕೆ 2019ರಲ್ಲಿ ಆಸ್ಕರ್ ಎತ್ತಿಕೊಂಡಾಕೆ. ಪಿಕ್ಸಾರ್‌ನ ಪೂರ್ಣಪ್ರಮಾಣದ ಚಿತ್ರವೊಂದನ್ನು ಒಬ್ಬಳೇ ನಿರ್ದೇಶಿಸಿದ ಮೊದಲ ಮಹಿಳೆ ಈಕೆಯೇ.

ಕಥೆ ಏನಪ್ಪಾ ಅಂದ್ರೆ...

2002ರ ಟೊರಾಂಟೊ. ಚೀನೀಯರ ಕೇರಿ. ಮೇ ಲೀ ಎಂಬ ಹುಡುಗಿ ಕ್ಲಾಸಿಗೆ ಜಾಣೆ, ಮನೆಗೆ ಮುದ್ದಿನ ಮಗಳು. ಅಮ್ಮ ಮಿಂಗ್ ನೋಡಿಕೊಳ್ಳುವ ದೇವಸ್ಥಾನದಲ್ಲಿ ಕಸ ಗುಡಿಸುವುದಕ್ಕೂ ಸೈ. ಅಮ್ಮ ಹಾಕಿದ ಗೆರೆ ದಾಟಿದವಳಲ್ಲ. ಒಂದು ದಿನ ಏನಾಗುತ್ತೆ? ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬನ ಚಿತ್ರಗಳನ್ನು ನೋಟ್‌ಬುಕ್ಕಿನ ತುಂಬ ಗೀಚಿಬಿಡುತ್ತಾಳೆ. ಅದು ಅಮ್ಮನ ಕೈಗೆ ಸಿಕ್ಕಿಬೀಳುತ್ತೆ. ಅಮ್ಮ ಸುಮ್ಮನಿರುತ್ತಾಳಾ? ಮಗಳನ್ನು ಕಾರಿಗೆ ತುಂಬಿಕೊಂಡು ಅದೇ ಅಂಗಡಿಗೆ ನುಗ್ಗಿ, ನಾಲ್ಕು ಜನರೆದುರು ನೋಟ್‌ಬುಕ್ ಬಿಚ್ಚಿ ಹರಾಜು ಹಾಕುತ್ತಾಳೆ!

ಮರುದಿನ ಬೆಳಿಗ್ಗೆ ಎದ್ದರೆ ಹುಡುಗಿ ಹುಡುಗಿಯಾಗಿಲ್ಲ, ಕೆಂಪು ಪಾಂಡಾ ಆಗಿದ್ದಾಳೆ. ಸಿಟ್ಟೋ, ನಾಚಿಕೆಯೋ, ಆಸೆಯೋ ಉಕ್ಕಿದರೆ ಪಾಂಡಾ. ಮನಸ್ಸು ತಣ್ಣಗಾದರೆ ಮತ್ತೆ ಹುಡುಗಿ. ಇದು ಆ ಮನೆತನದ ಹೆಣ್ಣುಮಕ್ಕಳಿಗೆಲ್ಲ ಬಂದ ವರವಂತೆ, ಈಗ ಶಾಪವಂತೆ. ಕೆಂಪು ಚಂದ್ರ ಮೂಡಿದ ರಾತ್ರಿ ಪೂಜೆ ಮಾಡಿ ಪಾಂಡಾವನ್ನು ಒಂದು ಒಡವೆಯೊಳಗೆ ಕಟ್ಟಿಹಾಕಬೇಕು. ಆದರೆ ಅದೇ ರಾತ್ರಿ ಊರಿಗೆ ‘ಫೋರ್ ಟೌನ್’ ಎಂಬ ಹಾಡುಗಾರ ಹುಡುಗರ ತಂಡ ಬಂದಿದೆ. (ಹೆಸರಲ್ಲಿ ನಾಲ್ಕು, ಇರುವವರು ಐದು ಜನ!) ಟಿಕೆಟ್ ಒಂದಕ್ಕೆ 200 ಡಾಲರ್. ಮೇ ಮತ್ತು ಅವಳ ಮೂವರು ಗೆಳತಿಯರು ಪಾಂಡಾ ಜೊತೆ ಫೋಟೋ ಹೊಡೆಸಿ, ಕದ್ದುಮುಚ್ಚಿ ದುಡ್ಡು ಕೂಡಿಸುತ್ತಾರೆ. ಅಂದ ಹಾಗೆ, ಈ ಗೆಳತಿಯರಲ್ಲಿ ಪ್ರಿಯಾ ಎಂಬಾಕೆ ನಮ್ಮ ಭಾರತ ಮೂಲದವಳು. ಅವಳಿಗೆ ದನಿ ಕೊಟ್ಟದ್ದು ತಮಿಳು ಮೂಲದ ಕೆನಡಾ ನಟಿ ಮೈತ್ರೇಯಿ ರಾಮಕೃಷ್ಣನ್.

ಪೂಜೆಯಾ? ಹಾಡಾ? ಅಮ್ಮನಾ? ಗೆಳತಿಯರಾ? ಇಲ್ಲಿಗೆ ಇಂಟರ್‌ವಲ್ ಅಂದ್ಕೊಳ್ಳಿ.

ಛೀ ಅಂದವರು

ಗಲಾಟೆ ಶುರುವಾದದ್ದು ಬಿಡುಗಡೆಗೆ ಮೊದಲೇ. ಅಮೆರಿಕದ ಸಿನಿಮಾ ವೆಬ್‌ಸೈಟೊಂದರ ವಿಮರ್ಶಕರು, ಇದು ಟೊರಾಂಟೊದ ಏಷ್ಯನ್ನರಿಗಷ್ಟೇ ದಕ್ಕುವ ಕಥೆ, ನೋಡಿ ನನಗೆ ಸುಸ್ತಾಯಿತು ಎಂಬರ್ಥದಲ್ಲಿ ಬರೆದರು. ತಗೊಳ್ಳಿ! ಓದುಗರು ಮುಗಿಬಿದ್ದರು. ಆಟಿಕೆಗಳ ಕಥೆ, ಮೀನಿನ ಕಥೆ, ಇಲಿ ಅಡುಗೆ ಮಾಡಿದ ಕಥೆ ಎಲ್ಲರಿಗೂ ದಕ್ಕುತ್ತೆ, ಚೀನೀ ಹುಡುಗಿಯ ಕಥೆ ಮಾತ್ರ ದಕ್ಕೋದಿಲ್ವಾ ಎಂದು ತರಾಟೆ. ಕೊನೆಗೆ ವಿಮರ್ಶೆಯನ್ನು ತೆಗೆದುಹಾಕಿ ಸಂಪಾದಕರೂ ವಿಮರ್ಶಕರೂ ಕ್ಷಮೆ ಕೇಳಬೇಕಾಯಿತು.

2022ರ ಮಾರ್ಚ್ 11ರಂದು ಚಿತ್ರ ಬಂತು. ಡಿಸ್ನಿಯ ಒಟಿಟಿ ಇದ್ದ ಕಡೆಗಳಲ್ಲೆಲ್ಲ ಹೆಚ್ಚುಕಡಿಮೆ ಥಿಯೇಟರ್ ಮುಖ ಕಾಣದೆ ನೇರ ಮನೆಯ ಹಾಲಿಗೇ ಬಂತು. ಎಡವಟ್ಟು ಆದದ್ದೂ ಅಲ್ಲೇ ಅಂತ ನನ್ನ ಲೆಕ್ಕ. ಥಿಯೇಟರಿನ ಕತ್ತಲೆಯಲ್ಲಿ ಯಾರ ಮುಖ ಯಾರಿಗೂ ಕಾಣದು. ಹಾಲಿನಲ್ಲಿ ಅಪ್ಪ, ಅಮ್ಮ, ಮಕ್ಕಳು ಒಂದೇ ಸೋಫಾದ ಮೇಲೆ. ಪಾಂಡಾ ಆದ ಮಗಳು ಬಾತ್‌ರೂಮಿನಲ್ಲಿ ಅಡಗಿದಾಗ, ಮಗಳು ದೊಡ್ಡವಳಾದಳು ಎಂದುಕೊಂಡ ತಾಯಿ ಪ್ಯಾಡಿನ ಡಬ್ಬ ಹಿಡಿದು ನಿಲ್ಲುತ್ತಾಳೆ. ಮಕ್ಕಳ ಚಿತ್ರದಲ್ಲಿ ಇದೆಲ್ಲ ಬೇಕಿತ್ತಾ ಎಂದು ಕೆಲವು ಹೆತ್ತವರು ಸಿಡುಕಿದರು. ಸುಳ್ಳು ಹೇಳುವ, ಅಮ್ಮನಿಗೆ ಎದುರು ನಿಲ್ಲುವ ಹುಡುಗಿಯನ್ನು ಮೆರೆಸಿದ್ದಾರೆ ಎಂಬುದು ಇನ್ನೊಂದು ತಕರಾರು.

ಭೇಷ್ ಅಂದವರು

ಅತ್ತ ಕಡೆಯವರದೂ ಜೋರು ದನಿಯೇ. ನಮ್ಮ ಮನೆಯಲ್ಲಿ ನಡೆದದ್ದನ್ನೇ ತೆಗೆದಿದ್ದಾರೆ ಎಂದು ಎಷ್ಟೋ ಹೆಣ್ಣುಮಕ್ಕಳು ಬರೆದುಕೊಂಡರು. ವಲಸೆ ಹೋದ ಮನೆಗಳ ಮಕ್ಕಳಂತೂ ಆ ಅಮ್ಮನಲ್ಲಿ ತಮ್ಮಮ್ಮನನ್ನೇ ಕಂಡರು. ಚಿತ್ರ ಆಸ್ಕರ್‌ಗೂ ನಾಮಕರಣಗೊಂಡಿತು. 2023ರಲ್ಲಿ ಪ್ರಶಸ್ತಿ ಗಿಲೆರ್ಮೊ ಡೆಲ್ ಟೊರೊ ಅವರ ‘ಪಿನೋಕಿಯೋ’ ಪಾಲಾಯಿತು, ಆ ಮಾತು ಬೇರೆ.

ಪ್ಯಾಡಿನ ವಿಷಯಕ್ಕೆ ನನ್ನದೊಂದು ಮಾತು. ನಮ್ಮ ಹಳ್ಳಿಗಳಲ್ಲಿ ಹುಡುಗಿ ದೊಡ್ಡವಳಾದರೆ ಒಸಗೆ ಮಾಡಿ, ಆರತಿ ಎತ್ತಿ, ಚಿಗಳಿ ಹಂಚಿ ಊರಿಗೆಲ್ಲ ತಿಳಿಸುತ್ತಿದ್ದವರು ನಾವು. ಕಾರ್ಟೂನಿನಲ್ಲಿ ಒಂದು ಡಬ್ಬ ಕಂಡರೆ ರಿಮೋಟ್ ಹುಡುಕ್ತೀವಲ್ಲ, ಇದ್ಯಾವ ನಾಚಿಕೆ?

ನಮ್ಮ ರೂಮಿನ ಜಗಳ

ನಮ್ಮ ರೂಮಿನ ನಾಲ್ವರು ಇದನ್ನು ಒಟ್ಟಿಗೆ ನೋಡಿದೆವು. ಒಬ್ಬ ಹತ್ತೇ ನಿಮಿಷಕ್ಕೆ ‘ಇದು ಹುಡುಗೀರ ಪಿಕ್ಚರು’ ಎಂದು ಮಗ್ಗುಲಾದ. ಇನ್ನೊಬ್ಬನಿಗೆ ಬೊಂಬೆಗಳ ದೊಡ್ಡ ಕಣ್ಣು, ದೊಡ್ಡ ಬಾಯಿಯೇ ಹಿಡಿಸಲಿಲ್ಲ. ಮೂರನೆಯವನು ಮಾತ್ರ ಬರ್ತ್‌ಡೇ ಪಾರ್ಟಿಯ ಸೀನ್ ನೋಡಿ ಸಿಟ್ಟಾದ. ಅಮ್ಮ ಬಂದು ಎಲ್ಲ ತಪ್ಪನ್ನೂ ಗೆಳತಿಯರ ತಲೆಗೆ ಕಟ್ಟುವಾಗ ಮೇ ತುಟಿ ಬಿಚ್ಚುವುದಿಲ್ಲ. ‘ಫ್ರೆಂಡ್ಸ್‌ನ ಬಿಟ್ಟುಕೊಟ್ಳಲ್ಲ ಗುರೂ!’ ಅಂದ. ಅವನ ಮಾತು ಸರಿ. ಅಮ್ಮನಿಗೆ ಎದುರಾಡಿದ್ದು ಅವಳ ತಪ್ಪಲ್ಲ, ಆ ಹೊತ್ತಿನಲ್ಲಿ ಬಾಯಿ ಮುಚ್ಚಿದ್ದೇ ತಪ್ಪು. ಎದುರಾಡುವುದನ್ನು ಕಲಿಸುವ ಚಿತ್ರ ಎಂದವರು ಈ ಸೀನನ್ನು ನೋಡಲಿಲ್ಲವೋ ಏನೋ.

ನಾನು? ನಾನು ಆ ನೋಟ್‌ಬುಕ್ ಸೀನಿನಲ್ಲೇ ಸಿಕ್ಕಿಬಿದ್ದೆ. ಪಿ.ಯು.ಸಿ. ಓದುವಾಗ ಫಿಸಿಕ್ಸ್ ಪುಸ್ತಕದೊಳಗೆ ನಟಿಯೊಬ್ಬಳ ಚಿತ್ರಗಳನ್ನೂ, ಹರಿದ ಮಾರ್ನಿಂಗ್ ಶೋ ಟಿಕೆಟ್ಟುಗಳನ್ನೂ ಇಟ್ಟುಕೊಂಡಿದ್ದೆ. ಅಮ್ಮನಿಗೆ ಸಿಕ್ಕಿತು. ಸೋದರಮಾವನ ಮನೆಯಲ್ಲಿ ಹಬ್ಬದೂಟದ ಹೊತ್ತಿಗೆ, ನೆಂಟರೆಲ್ಲರ ಎದುರು ಅದನ್ನು ಒಂದೊಂದಾಗಿ ತೆಗೆದು ತೋರಿಸಿದಳು. ಎಲ್ಲರೂ ನಕ್ಕರು. ನಾನು ಪಾಂಡಾ ಆಗಲಿಲ್ಲ. ಕಾಲೇಜು ಬಿಟ್ಟೆ, ಊರು ಬಿಟ್ಟೆ, ಎರಡು ವರ್ಷ ಅಮ್ಮನ ಹತ್ತಿರ ನೆಟ್ಟಗೆ ಮಾತು ಬಿಟ್ಟೆ.

ಅಮ್ಮ ಕೊಟ್ಟ ತೀರ್ಪು

ಕಳೆದ ಸಲ ಊರಿಗೆ ಹೋದಾಗ ಧೈರ್ಯ ಮಾಡಿ ಮೊಬೈಲಿನಲ್ಲಿ ಅಮ್ಮನಿಗೆ ಚಿತ್ರ ಹಾಕಿಕೊಟ್ಟೆ. ಭಾಷೆ ಬಾರದು, ಪಕ್ಕದಲ್ಲಿ ಕೂತು ನಾನೇ ಹೇಳುತ್ತಾ ಹೋದೆ. ಅಂಗಡಿಯ ಸೀನ್ ಬಂದಾಗ ಇಬ್ಬರೂ ಮಾತಾಡಲಿಲ್ಲ.

ಕ್ಲೈಮ್ಯಾಕ್ಸಿನಲ್ಲಿ ತಾಯಿಯೂ ಪಾಂಡಾ ಆಗಿ ಸ್ಟೇಡಿಯಂ ಕಿತ್ತುಹಾಕುತ್ತಾಳೆ. ಅವಳನ್ನು ತಣಿಸಲು ಅಜ್ಜಿ, ಚಿಕ್ಕಮ್ಮಂದಿರು ಕೂಡ ತಮ್ಮ ಒಡವೆ ಒಡೆದು ಪಾಂಡಾ ಆಗುತ್ತಾರೆ. ಆಮೇಲೆ ಬಿದಿರು ಕಾಡಿನಲ್ಲಿ ಮೇಗೆ ಅಳುತ್ತಾ ಕೂತ ಎಳೆಯ ಹುಡುಗಿಯೊಬ್ಬಳು ಸಿಗುತ್ತಾಳೆ. ಅವಳೇ ಚಿಕ್ಕವಯಸ್ಸಿನ ಅಮ್ಮ! ತನ್ನ ತಾಯಿಗೆ ಎಂದೂ ಸಾಕೆನಿಸದೆ ಸೋತು ಕೂತವಳು. ಮಗಳೇ ಅಮ್ಮನ ಕೈ ಹಿಡಿದು ಕಾಡು ದಾಟಿಸುತ್ತಾಳೆ. ಕೊನೆಗೆ ಅವರೆಲ್ಲ ಪಾಂಡಾವನ್ನು ಬಿಟ್ಟುಬಿಡುತ್ತಾರೆ, ಮೇ ಮಾತ್ರ ಇಟ್ಟುಕೊಳ್ಳುತ್ತಾಳೆ.

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು: ‘ಇದು ಆ ಹುಡುಗಿ ಕಥೆ ಅಲ್ಲ ಕಣೋ, ಅವರಮ್ಮಂದು.’

ನೋಡಿ, ಇಷ್ಟು ಜನ ಇಷ್ಟು ಥರ ಹೇಳಿದ್ದನ್ನು ಓದಿದ್ದೆ. ಈ ಮಾತನ್ನು ನನಗೆ ಯಾರೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅಮ್ಮ ಕೇಳಿದಳು, ‘ಅವತ್ತು ನಿನಗೂ ಹಂಗೇ ಆಗಿತ್ತೇನೋ?’ ‘ಹೂಂ’ ಅಂದೆ. ಅಷ್ಟೇ. ಎದ್ದು ಹೋಗಿ ಕಾಫಿಗೆ ನೀರಿಟ್ಟಳು.

ಗೆಳೆಯರೇ, ಇದು ಹುಡುಗಿಯರ ಚಿತ್ರ ಅನ್ನುವವರು ಅನ್ನಲಿ. ನೀವು ಒಮ್ಮೆ ನೋಡಿ. ಆದರೆ ರೂಮಿನಲ್ಲಲ್ಲ, ಊರಿಗೆ ಹೋದಾಗ ಅಮ್ಮನ ಪಕ್ಕ ಕೂತು!