ಹೆಸರು ಮಾರಿದ ಮ್ಯಾಲ ಕೊಡ್ತೀನ್ರಿ

ಬೆಳಗಿನ ಬಸ್ಸುಗಳು ಬರುವ ಹೊತ್ತಿಗೆ ಧಾರವಾಡದ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ನವಲಗುಂದದ ಕಡೆಯದೋ ಸವದತ್ತಿಯ ಕಡೆಯದೋ ಒಂದು ಬಸ್ಸು ಒಳಗೆ ತಿರುಗುತ್ತಿದ್ದ ಹಾಗೇ ಏಳೆಂಟು ಹುಡುಗರು ಅದರ ಬೆನ್ನು ಹತ್ತುತ್ತಾರೆ. ಎಂಜಿನ್ ಮುಚ್ಚಳದ ಪಕ್ಕ ಪೇರಿಸಿಟ್ಟ ಬುತ್ತಿಗಳನ್ನು ಇಳಿಸಿಕೊಳ್ಳಲು ಬಂದವರು ಅವರು. ಸ್ಟೀಲಿನ ಡಬ್ಬಿ, ಹಳೆ ಸೀರೆ ಹರಿದು ಹೊಲಿದ ಚೀಲ, ನಾಲ್ಕು ತುದಿ ಕೂಡಿಸಿ ಬಿಗಿದ ಬಿಳಿ ವಸ್ತ್ರ. ಗುರುತಿಗೆ ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ಪೆನ್ನಿನಲ್ಲಿ ಬರೆದ ಹೆಸರು. ಒಳಗೆ ಜೋಳದ ರೊಟ್ಟಿ, ಕಾಳಿನ ಪಲ್ಯ, ಶೇಂಗಾ ಹಿಂಡಿ. ಅಪರೂಪಕ್ಕೊಮ್ಮೆ ರೊಟ್ಟಿಯ ನಡುವೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ ನೂರರ ನೋಟು. ತಂದುಕೊಟ್ಟ ಡ್ರೈವರ್ ಆಗಲಿ ಕಂಡಕ್ಟರ್ ಆಗಲಿ ಇದಕ್ಕೆ ಲೆಕ್ಕ ಕೇಳಿದ್ದನ್ನು ನಾನು ಕಂಡಿಲ್ಲ.

ಈ ಊರಿನಲ್ಲಿ ಪದವಿಯ ಮೊದಲ ವರ್ಷದ ಮಕ್ಕಳಿಗೆ ಇಪ್ಪತ್ತು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಬುತ್ತಿ ಇಳಿಸಿಕೊಳ್ಳುವ ಆ ಗುಂಪಿನಲ್ಲಿ ಪ್ರತಿ ವರ್ಷ ನನ್ನ ತರಗತಿಯ ಮುಖಗಳೇ ಹೆಚ್ಚು. ಎರಡನೇ ವರ್ಷಕ್ಕೆ ಬರುವಷ್ಟರಲ್ಲಿ ಅವರಿಗೆ ಊರಿನ ಅಡ್ಡದಾರಿಗಳೆಲ್ಲ ಗೊತ್ತಾಗಿರುತ್ತವೆ: ಯಾವ ಖಾನಾವಳಿಯಲ್ಲಿ ಉದ್ರಿ ನಡೆಯುತ್ತದೆ, ಯಾವ ಅಂಗಡಿಯಲ್ಲಿ ಹಳೆ ಪುಸ್ತಕ ಸಿಗುತ್ತದೆ, ಯಾವ ಮೇಷ್ಟ್ರನ್ನು ಕೇಳಿದರೆ ಬೈಯುವುದಿಲ್ಲ. ಮೊದಲ ವರ್ಷದವರಿಗೆ ಇದೊಂದೂ ತಿಳಿದಿರುವುದಿಲ್ಲ. ಖರ್ಚು ಮಾತ್ರ ಅವರಿಗೇ ಹೆಚ್ಚು. ಪ್ರವೇಶ ಶುಲ್ಕ, ರೂಮಿನ ಅಡ್ವಾನ್ಸ್, ಹಾಸಿಗೆ, ಬಕೆಟ್ಟು, ಬಸ್ ಪಾಸು, ಸಮವಸ್ತ್ರ, ಎಲ್ಲ ಒಂದೇ ತಿಂಗಳಲ್ಲಿ ಬಂದು ಬೀಳುತ್ತವೆ.

ಆ ತಿಂಗಳು ಯಾವುದು ಎಂಬುದನ್ನು ಸ್ವಲ್ಪ ನಿಂತು ನೋಡಬೇಕು. ಪದವಿ ಪ್ರವೇಶ ನಡೆಯುವುದು ಜೂನ್, ಜುಲೈ ಸುಮಾರಿಗೆ. ನಮ್ಮ ಕರಿ ಹೊಲಗಳಲ್ಲಿ ಅದು ಬಿತ್ತಿಗೆಯ ಕಾಲ. ಮೃಗಶಿರಾ ಮಳೆ ಬಿದ್ದರೆ ಹೆಸರು ಬಿತ್ತುತ್ತಾರೆ. ಬೀಜ, ಗೊಬ್ಬರ, ಆಳಿನ ಕೂಲಿ ಅಂತ ಕೈಯಲ್ಲಿದ್ದುದೆಲ್ಲ ಮಣ್ಣಿಗೆ ಹೋಗಿರುತ್ತದೆ. ಹೆಸರು ಎಪ್ಪತ್ತು ದಿನದೊಳಗಿನ ಬೆಳೆ. ಆಗಸ್ಟ್ ಕೊನೆಗೆ, ಗಣಪತಿ ಹಬ್ಬದ ಆಸುಪಾಸಿಗೆ, ವರ್ಷದ ಮೊದಲ ರೊಕ್ಕ ಮನೆಗೆ ಬರುತ್ತದೆ. ಹತ್ತಿ ಬಿಡಿಸುವುದು ದೀಪಾವಳಿಯ ಹೊತ್ತಿಗೆ. ಕಡಲೆ, ಜೋಳ ಕಟಾವಿಗೆ ಬರುವುದು ಸಂಕ್ರಾಂತಿ ದಾಟಿದ ಮೇಲೆ. ಒಕ್ಕಲಿಗನ ಮನೆಯಲ್ಲಿ ಒಂದು ಪೈಸೆಯೂ ಇಲ್ಲದ ಹೊತ್ತನ್ನೇ ಹುಡುಕಿ ಕಾಲೇಜು ಶುಲ್ಕದ ಕೊನೆಯ ದಿನಾಂಕ ಇಟ್ಟ ಹಾಗಿದೆ. ಯಾರೂ ಬೇಕೆಂದೇ ಹಾಗೆ ಮಾಡಿದ್ದಲ್ಲ. ಹೊಲಕ್ಕೊಂದು ಪಂಚಾಂಗ, ಕಾಲೇಜಿಗೊಂದು, ಸರ್ಕಾರಕ್ಕೊಂದು. ಈ ಮೂರನ್ನು ಮುಂದಿಟ್ಟುಕೊಂಡು ಕೂಡಿಸಿ ನೋಡಿದವರಿಲ್ಲ ಅಷ್ಟೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನಿಸುವುದು ಇದು: ನಮ್ಮ ಹಳ್ಳಿಯ ಮಕ್ಕಳು ಮೊದಲ ವರ್ಷದಲ್ಲಿ ಕಾಲೇಜು ಬಿಡುವುದಕ್ಕೆ ರೊಕ್ಕ ಇಲ್ಲದ್ದಕ್ಕಿಂತ ರೊಕ್ಕ ತಡವಾಗಿ ಬಂದದ್ದೇ ಹೆಚ್ಚು ಕಾರಣ.

ನನ್ನದೇ ಮೊದಲ ವರ್ಷದ ಮಾತು ಹೇಳುತ್ತೇನೆ. ತೊಂಬತ್ತರ ದಶಕ. ಆ ವರ್ಷ ಹೆಸರು ಚೆನ್ನಾಗಿ ಬಂದಿತ್ತು, ಕೀಳುವ ವಾರದಲ್ಲೇ ಮಳೆ ಹಿಡಿದುಕೊಂಡಿತು. ಕಾಯಿಯೊಳಗೇ ಕಾಳು ಮೊಳಕೆಯೊಡೆದು ಕಪ್ಪಾಯಿತು. ಮಾರುಕಟ್ಟೆಯಲ್ಲಿ ಅರ್ಧ ಬೆಲೆಗೂ ಕೇಳುವವರಿಲ್ಲ. ಅಪ್ಪನ ಮನಿಯಾರ್ಡರ್ ಬರಲಿಲ್ಲ. ಶುಲ್ಕ ಕಟ್ಟದವರ ಪಟ್ಟಿಯನ್ನು ತರಗತಿಯಲ್ಲಿ ಎಲ್ಲರ ಮುಂದೆ ಓದಿದರು. ನನ್ನ ಹೆಸರು ನಾಲ್ಕನೆಯದು. ಪಟ್ಟಿ ಓದಿದವರ ಮುಖ ಮರೆತಿದ್ದೇನೆ. ಬೆಂಚಿನ ಮೇಲೆ ನನ್ನ ಕೈ ಹೇಗೆ ಬೆವರಿತ್ತು ಎಂಬುದು ಮರೆತಿಲ್ಲ.

ಅದೇ ವಾರ ಖಾನಾವಳಿಯ ಅಕ್ಕನಿಗೂ ಎರಡು ತಿಂಗಳ ಬಾಕಿ ಇತ್ತು. ಊಟಕ್ಕೆ ಹೋಗುವುದನ್ನೇ ಬಿಟ್ಟೆ. ಮೂರನೇ ದಿನ ರೂಮಿಗೆ ಹುಡುಗನೊಬ್ಬನನ್ನು ಅಟ್ಟಿ ಕರೆಸಿದಳು. ಬಾಕಿಯ ಮಾತೇ ಎತ್ತದೆ, ‘ನಿಮ್ಮ ಕಡೆ ಮಳಿ ಹೆಂಗೈತಿ?’ ಅಂತ ಕೇಳಿದಳು. ಹೇಳಿದೆ. ಅವಳ ತವರೂ ಅದೇ ಸೀಮೆ. ಉದ್ರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ‘ಹತ್ತಿ’ ಅಂತ ಬರೆದುಕೊಂಡಳು. ಹೆಸರು ಹೋಯಿತು, ಹತ್ತಿ ಬಂದಾಗ ಕೊಡಲಿ ಎಂದು ಅದರ ಅರ್ಥ. ಆ ಪುಸ್ತಕದ ತುಂಬ ಹುಡುಗರ ಹೆಸರಿನ ಮುಂದೆ ತಾರೀಖಿನ ಬದಲು ಬೆಳೆಗಳಿದ್ದವು. ಯಾರದೋ ಮುಂದೆ ಶೇಂಗಾ, ಯಾರದೋ ಮುಂದೆ ಕಡಲೆ, ಶಾಲೆ ಮಾಸ್ತರರ ಮಗನ ಮುಂದೆ ‘ಒಂದನೇ ತಾರೀಖು’. ಮೂರೂ ಪಂಚಾಂಗ ಕೂಡಿಸಿ ನೋಡಿದ ಒಬ್ಬಳನ್ನು ನಾನು ಕಂಡಿದ್ದು ಅಲ್ಲಿ.

ಅವಳೊಬ್ಬಳೇ ಅಂತಲೂ ಅಲ್ಲ. ಈ ನಾಡಿನಲ್ಲಿ ಬಡ ಮಕ್ಕಳ ಓದು ನಡೆದದ್ದೇ ಅನ್ನದ ವ್ಯವಸ್ಥೆಯ ಮೇಲೆ. ವಾರಕ್ಕೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುವ ವಾರಾನ್ನ ಇತ್ತು. ಅದರಲ್ಲಿ ಜಾತಿಯ ಬಾಗಿಲು ಎಲ್ಲರಿಗೂ ತೆರೆಯುತ್ತಿರಲಿಲ್ಲ ಎಂಬುದನ್ನೂ ಹೇಳಲೇಬೇಕು. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಮೇಲೆ ಧಾರವಾಡಕ್ಕೆ ಬಂದ ಹಳ್ಳಿ ಹುಡುಗರಿಗೆ ಮುರುಘಾಮಠದ ಪ್ರಸಾದ ನಿಲಯ ಆಸರೆಯಾಯಿತು. ಶಿರಸಂಗಿ ಲಿಂಗರಾಜರು ತಮ್ಮ ದೇಸಗತಿಯ ಆಸ್ತಿಯನ್ನು ಮಕ್ಕಳ ಓದಿಗೆಂದು ಬರೆದಿಟ್ಟರು. ತುಮಕೂರಿನ ಸಿದ್ಧಗಂಗೆಯಲ್ಲಿ ಇವತ್ತಿಗೂ ಸಾವಿರಾರು ಮಕ್ಕಳ ಪಂಕ್ತಿ ಕೂರುತ್ತದೆ. ಮುಂದೆ ಸರ್ಕಾರಿ ಹಾಸ್ಟೆಲುಗಳು ಬಂದವು. ಆ ಹಾಸ್ಟೆಲುಗಳಿಲ್ಲದೆ ಹೋಗಿದ್ದರೆ ಸಿದ್ಧಲಿಂಗಯ್ಯನವರಂಥ ಕವಿ ನಮಗೆ ಸಿಗುತ್ತಿರಲಿಲ್ಲ. ‘ಊರುಕೇರಿ’ ಓದಿದವರಿಗೆ ಹಾಸ್ಟೆಲ್ ಎಂದರೆ ಏನೆಂದು ಗೊತ್ತು.

ಇವತ್ತು ಸವಲತ್ತುಗಳಿಲ್ಲ ಎಂದು ನಾನು ಹೇಳಲಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಬಸ್ಸು ಉಚಿತ. ರೂಮು ಹಿಡಿಯಲಾಗದ ಎಷ್ಟೋ ಹುಡುಗಿಯರು ದಿನಾ ಊರಿಂದಲೇ ಓಡಾಡಿ ಓದುತ್ತಿದ್ದಾರೆ. ಗೃಹಲಕ್ಷ್ಮಿಯ 2,000 ರೂಪಾಯಿ ತಾಯಿಯ ಖಾತೆಗೆ ಬಿದ್ದ ಸಂಜೆಯೇ ಅದರಲ್ಲಿ ಒಂದಷ್ಟು ಮಗನ ಫೋನ್‌ಪೇಗೆ ಬರುವುದನ್ನು ನನ್ನ ವಿದ್ಯಾರ್ಥಿಗಳು ತೋರಿಸಿದ್ದಾರೆ. ಇಂದಿರಾ ಕ್ಯಾಂಟೀನಿನಲ್ಲಿ 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಇದೆ: ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000 ಎಂದು ಶುರುವಾದದ್ದು. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾನಿಧಿಯಲ್ಲಿ ಪದವಿ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ಎಂದು ಗೊತ್ತುಮಾಡಿದರು.

ಆದರೆ ಸವಲತ್ತು ಇದ್ದರೆ ಸಾಲದು, ಹೊತ್ತಿಗೆ ಕೈ ಸೇರಬೇಕು. ವಿದ್ಯಾಸಿರಿಯನ್ನೇ ತೆಗೆದುಕೊಳ್ಳಿ. ಅದು ಊಟ, ವಸತಿಗೆಂದು ಇಟ್ಟ ಹಣ. ಹಸಿವು ದಿನಾ ಬರುತ್ತದೆ, ಬಾಡಿಗೆ ತಿಂಗಳಿಗೊಮ್ಮೆ ಬರುತ್ತದೆ. ಹಣ ಮಾತ್ರ ಒಟ್ಟಾಗಿ, ನಾನು ಕಂಡಂತೆ ಬಹಳ ಸಲ ಪರೀಕ್ಷೆ ಮುಗಿಯುವ ಹೊತ್ತಿಗೆ ಬರುತ್ತದೆ. ಅಷ್ಟರಲ್ಲಿ ಆ ಹುಡುಗ ಕೈಗಡ ತಂದು ಉಂಡಿರುತ್ತಾನೆ, ಬಂದ ಹಣ ಸಾಲಕ್ಕೆ ಹೋಗುತ್ತದೆ. ಹಾಸ್ಟೆಲ್ ಆಯ್ಕೆ ಪಟ್ಟಿಯ ಕಥೆಯೂ ಇದೇ. ತರಗತಿ ಶುರುವಾಗಿ ತಿಂಗಳುಗಳಾದ ಮೇಲೆ ಸೀಟು ಸಿಕ್ಕಿತು ಎಂದು ಹೇಳಿದರೆ, ರೂಮಿನ ಅಡ್ವಾನ್ಸ್ ಆಗಲೇ ಕೊಟ್ಟಾಗಿರುತ್ತದೆ. ಹೋದ ವರ್ಷ ಒಬ್ಬ ಹುಡುಗ ತನ್ನ ಲೆಕ್ಕದ ಪುಸ್ತಕ ತೋರಿಸಿದ. ಬಾಡಿಗೆಯ ಪಾಲು 1,500, ಖಾನಾವಳಿ 2,600, ಫೋನಿನ ರೀಚಾರ್ಜು, ಝೆರಾಕ್ಸು. ಅದರ ಕೆಳಗೆ ‘ಚಹಾ ಬಂದ್’ ಎಂದು ಬರೆದು ಎರಡು ಗೆರೆ ಎಳೆದಿದ್ದ.

ಇನ್ನು ಎಸ್‌ಎಸ್‌ಪಿ ಅರ್ಜಿ. ರಾಜ್ಯ ವಿದ್ಯಾರ್ಥಿವೇತನದ ಈ ಪೋರ್ಟಲ್ ಬಂದ ಮೇಲೆ ನಡುವೆ ನುಂಗುವವರ ಕೈ ತಪ್ಪಿದ್ದು ನಿಜ, ಅದು ದೊಡ್ಡ ಮಾತು. ಆದರೆ ಹದಿನೆಂಟರ ಮಗುವಿಗೆ ಅದು ಚಕ್ರವ್ಯೂಹವೂ ಹೌದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಹೆಸರು ಒಂದು ಥರ, ಆಧಾರಿನದು ಇನ್ನೊಂದು ಥರ ಇದ್ದರೆ ಅರ್ಜಿ ನಿಲ್ಲುತ್ತದೆ. ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ನಿಲ್ಲುತ್ತದೆ. ಎಲ್ಲ ಸರಿಯಿದ್ದು ಹಣ ಬಿಡುಗಡೆಯಾಗಿಯೂ ‘ನಮಗ ಬಂದಿಲ್ರಿ’ ಎನ್ನುವವರಿರುತ್ತಾರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಐದು ತಿಂಗಳು ಹೀಗೆ ಅಲೆದಳು. ಕೊನೆಗೆ ನೋಡಿದರೆ, ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ಅವಳಿಗೇ ತಿಳಿಯದಂತೆ ಒಂದು ಖಾತೆ ತೆರೆದಿದ್ದ. ಇಂಥ ಹಣ ಹೋಗುವುದು ಆಧಾರಿಗೆ ಕಡೆಯದಾಗಿ ಜೋಡಣೆಯಾದ ಖಾತೆಗೆ. ಅವಳ ಹಣ ಅಲ್ಲಿ ಬೆಚ್ಚಗೆ ಕೂತಿತ್ತು. ಈ ಒಂದು ಸಂಗತಿಯನ್ನು ಜುಲೈ ತಿಂಗಳಲ್ಲೇ ಅವಳಿಗೆ ಯಾರಾದರೂ ಹೇಳಿದ್ದರೆ, ನಾನೇ ಹೇಳಿದ್ದರೆ, ಐದು ತಿಂಗಳ ಓದು ಉಳಿಯುತ್ತಿತ್ತು.

ರೊಕ್ಕ ಬಾರದಿದ್ದಾಗ ಮಕ್ಕಳು ಏನು ಮಾಡುತ್ತಾರೆ? ಕಾರ್ತಿಕ ಮುಗಿದು ಮದುವೆಗಳು ಶುರುವಾದರೆ ಕಲ್ಯಾಣ ಮಂಟಪಗಳಲ್ಲಿ ಬಡಿಸಲು ಹೋಗುತ್ತಾರೆ. ರಾತ್ರಿ ಹನ್ನೊಂದಕ್ಕೆ ಪಾತ್ರೆ ಎತ್ತಿಟ್ಟು ಬಂದವನು ಬೆಳಗಿನ ಮೊದಲ ತರಗತಿಯಲ್ಲಿ ತೂಕಡಿಸಿದರೆ ನಾವು ಎಬ್ಬಿಸಿ ಹೊರಗೆ ಕಳಿಸುತ್ತೇವೆ. ಅದಕ್ಕಿಂತ ಕೆಟ್ಟದ್ದು ಮೊಬೈಲಿನ ಸಾಲದ ಆ್ಯಪ್‌ಗಳು. ಎರಡು ಸಾವಿರಕ್ಕೆ ಕೈ ಒಡ್ಡಿದ ಹುಡುಗನ ಫೋನಿನಲ್ಲಿದ್ದ ಸಂಪರ್ಕಗಳನ್ನೆಲ್ಲ ಎಳೆದುಕೊಂಡು, ಅವನ ಅಕ್ಕನಿಗೆ, ಮೇಷ್ಟ್ರಿಗೆ ಕೆಟ್ಟ ಸಂದೇಶ ಕಳಿಸುತ್ತಾರೆ. ನನಗೂ ಒಮ್ಮೆ ಬಂದಿತ್ತು. ಸಾಲದ ಆ್ಯಪ್‌ಗಳು ಫೋನಿನ ಸಂಪರ್ಕ ಪಟ್ಟಿಗೆ, ಫೋಟೊಗಳಿಗೆ ಕೈ ಹಾಕಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಹಾಗೆ ಕೇಳುವ ಆ್ಯಪ್ ಕಳ್ಳರದೆಂದೇ ತಿಳಿಯಿರಿ ಎಂದು ಈಗ ಪ್ರತಿ ವರ್ಷ ಮೊದಲ ವಾರದ ತರಗತಿಯಲ್ಲೇ ಹೇಳುತ್ತೇನೆ.

ಒಬ್ಬ ಹುಡುಗಿಯ ವಿಷಯ ಬರೆಯದಿದ್ದರೆ ಈ ಲೇಖನ ಬರೆದೂ ಪ್ರಯೋಜನವಿಲ್ಲ. ಬಿ.ಎ. ಮೊದಲ ಸೆಮಿಸ್ಟರಿನವಳು, ಮುಂದಿನ ಬೆಂಚು, ಅಚ್ಚುಕಟ್ಟಾದ ಅಕ್ಷರ. ನವೆಂಬರಿನಲ್ಲಿ ಇದ್ದಕ್ಕಿದ್ದಂತೆ ಬರುವುದು ನಿಂತಿತು. ಮದುವೆ ಗೊತ್ತಾಗಿರಬೇಕು ಎಂದುಕೊಂಡು ನಾನು ಹಾಜರಿಯಲ್ಲಿ ಗೈರು ಹಾಕುತ್ತ ಹೋದೆ. ಮೂರು ವಾರದ ಮೇಲೆ ಬಂದಳು. ಏನಾಗಿತ್ತು ಎಂದು ಕೇಳಿದರೆ ತಲೆ ತಗ್ಗಿಸಿ, ‘ಹತ್ತಿ ಬಿಡ್ಸಾಕ ಹೋಗಿದ್ನಿರಿ, ಪರೀಕ್ಷಾ ಫೀ ತುಂಬೂದಿತ್ತು’ ಎಂದಳು. ಬೆರಳ ತುದಿಗಳು ಹತ್ತಿಕಾಯಿಯ ಚೂಪಿಗೆ ಗೀರಿ ಕಪ್ಪಾಗಿದ್ದವು. ಶುಲ್ಕ ತುಂಬಲು ದುಡಿದ ಆ ಮೂರು ವಾರಕ್ಕೆ ಹಾಜರಿ ಶೇ 75ಕ್ಕಿಂತ ಕೆಳಗಿಳಿದು, ಪರೀಕ್ಷೆಗೇ ಕೂರಲಾಗದ ಹಂತಕ್ಕೆ ಬಂದಿದ್ದಳು. ಬೇಕಿದ್ದುದು ನಾನು ಆ ತಿಂಗಳು ಪುಸ್ತಕಕ್ಕೆ ಕೊಟ್ಟಿದ್ದಕ್ಕಿಂತ ಕಡಿಮೆ ಹಣ. ಅವಳು ಕೇಳಲಿಲ್ಲ. ಕೇಳಬಹುದು ಎಂಬ ಧೈರ್ಯವನ್ನು ನಾನು ಮೂರು ತಿಂಗಳಲ್ಲಿ ಅವಳಿಗೆ ಕೊಟ್ಟಿರಲಿಲ್ಲ.

ಅಂದಿನಿಂದ ನಾವು ನಾಲ್ಕಾರು ಜನ ಅಧ್ಯಾಪಕರು ತಿಂಗಳಿಗಿಷ್ಟು ಎಂದು ಕೂಡಿಸಿ ಇಡುತ್ತೇವೆ. ಅರ್ಜಿ ಇಲ್ಲ, ಪಟ್ಟಿ ಇಲ್ಲ, ಹೆಸರು ಹೊರಗೆ ಬರುವುದಿಲ್ಲ. ಕೇಳಿದ ದಿನವೇ ಕೊಡಬೇಕು ಎಂಬುದೊಂದೇ ನಿಯಮ. ಮರಳಿಸುವುದು ಯಾವಾಗ ಎಂದರೆ ಹುಡುಗರು ಈಗಲೂ ಅದೇ ಮಾತು ಹೇಳುತ್ತಾರೆ: ‘ಹೆಸರು ಮಾರಿದ ಮ್ಯಾಲ ಕೊಡ್ತೀನ್ರಿ.’ ತಂದು ಕೊಟ್ಟವರೇ ಹೆಚ್ಚು.

ಆದರೆ ಇದು ಮೇಷ್ಟ್ರುಗಳ ಜೇಬಿನಿಂದ ತೀರುವ ಕೆಲಸವಲ್ಲ. ಒಕ್ಕಲು ಮನೆಯ ಮಕ್ಕಳು ಓದುವ ಕಾಲೇಜುಗಳು ಶುಲ್ಕದ ಮೊದಲ ಕಂತನ್ನು ಗಣಪತಿ ಹಬ್ಬ ದಾಟಿದ ಮೇಲೆ, ಎರಡನೆಯದನ್ನು ಕಡಲೆ ಬಂದ ಮೇಲೆ ಕೇಳಲಿ. ಬಾಕಿದಾರರ ಪಟ್ಟಿಯನ್ನು ತರಗತಿಯಲ್ಲಿ ಓದುವುದು ಎಲ್ಲಿ ಇನ್ನೂ ಉಳಿದಿದೆಯೋ ಅಲ್ಲಿ ಇವತ್ತೇ ನಿಲ್ಲಲಿ. ವಿದ್ಯಾಸಿರಿಯ ಹಣ ತಿಂಗಳ ಮೊದಲ ವಾರದಲ್ಲಿ ಆ ತಿಂಗಳಿಗೇ ಬೀಳಲಿ. ಸರ್ಕಾರಕ್ಕೆ ಒಂದು ರೂಪಾಯಿಯೂ ಹೆಚ್ಚು ತಗಲುವುದಿಲ್ಲ. ಹಾಸ್ಟೆಲ್ ಪಟ್ಟಿ ತರಗತಿ ಶುರುವಾಗುವ ಮೊದಲು ಗೋಡೆಗೆ ಬರಲಿ.

ಈ ಸಲ ನಿಮ್ಮ ಮನೆಯಿಂದ, ನಿಮ್ಮ ಓಣಿಯಿಂದ ಒಂದು ಮಗು ಪದವಿಯ ಮೊದಲ ವರ್ಷಕ್ಕೆ ಹೊರಟಿದ್ದರೆ, ಬುತ್ತಿಯ ಜೊತೆ ಇಷ್ಟನ್ನೂ ಕಟ್ಟಿಕೊಡಿ: ಅವಧಿ ಮುಗಿಯದ ಜಾತಿ, ಆದಾಯ ಪ್ರಮಾಣಪತ್ರ, ಅಂಕಪಟ್ಟಿಯ ಹೆಸರಿಗೆ ಹೊಂದುವ ಆಧಾರ್, ಆ ಆಧಾರ್ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂದು ಬರೆದ ಚೀಟಿ, ತಂದೆಯ ಹೆಸರಲ್ಲಿ ಹೊಲವಿದ್ದರೆ ಅವರ ರೈತ ಗುರುತಿನ ಸಂಖ್ಯೆ (ಎಫ್‌ಐಡಿ). ಎಸ್‌ಎಸ್‌ಪಿ ಅರ್ಜಿ ತೆರೆದ ವಾರದಲ್ಲೇ ತುಂಬಿಸಿ. ಮತ್ತೆ, ಕಷ್ಟ ಬಂದರೆ ಮೇಷ್ಟ್ರಿಗೆ ಹೇಳು ಎಂದು ಒಂದು ಮಾತು ಹೇಳಿ ಕಳಿಸಿ. ನಾವು ಕೇಳಿಸಿಕೊಳ್ಳುತ್ತೇವೆ.